ಗಿರ್ಮಿಟ್ ಮೆತ್ತಗಾಗುವಷ್ಟರಲ್ಲಿ

ಗಿರ್ಮಿಟ್ ಯಾರಿಗೂ ಕಾಯುವುದಿಲ್ಲ. ಉಳ್ಳಾಗಡ್ಡಿ, ಟೊಮೆಟೊ, ಹುಣಸೆಹುಳಿ ಹಾಕಿ ಕುದಿಸಿದ ಮಸಾಲೆಗೆ ಚುರುಮುರಿ ಬಿತ್ತು ಅಂದರೆ ಅದರ ಆಯುಷ್ಯ ಇಳಿಯತೊಡಗಿತು ಅಂತ ಲೆಕ್ಕ. ಪುಟಾಣಿ ಹಿಟ್ಟು, ಸೇವು, ಕೊತ್ತಂಬರಿ ಉದುರಿಸಿ ಕೈಗೆ ಕೊಟ್ಟ ಮೇಲೆ ಐದು ನಿಮಿಷ. ಅಷ್ಟರೊಳಗೆ ತಿಂದರೆ ಗಿರ್ಮಿಟ್, ಆಮೇಲೆ ಒದ್ದೆ ಹತ್ತಿ. ಆ ಐದು ನಿಮಿಷ ನನಗೆ ಮೂರೂವರೆ ವರ್ಷದಿಂದ ಸಿಕ್ಕಿಲ್ಲ. ಮಗಳು ಚಿನ್ನಿಗೆ ಈಗ ಮೂರೂವರೆ ವರ್ಷ. ಮಗ ಗುಂಡ್ಯಾನಿಗೆ ಎರಡು.

"ಹುಡುಗರನ್ನ ಹೊರಗ ಬಿಡ್ರಿ, ತಾವ ಆಡ್ಕೋತಾವ" ಅಂತ ಹೇಳುವವರು ಎಲ್ಲ ಕಡೆ ಇದ್ದಾರೆ. ಅವರ ಮಕ್ಕಳೆಲ್ಲ ಇಂಜಿನಿಯರಿಂಗ್ ಓದುತ್ತಿರುತ್ತಾರೆ, ಅದು ಬೇರೆ ಮಾತು. ಆದರೂ ನಂಬಿದೆ. ಭಾನುವಾರ ಸಂಜೆ ಇಬ್ಬರನ್ನೂ ಕಟ್ಟಿಕೊಂಡು ಧಾರವಾಡದಿಂದ ಉಣಕಲ್ ಕೆರೆಗೆ ಹೊರಟೆ.

ಮೊದಲ ಪೆಟ್ಟು ಬಸ್ ನಿಲ್ದಾಣದಲ್ಲೇ ಬಿತ್ತು. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಎ.ಸಿ. ಬಸ್ಸಿಗೆ ಚಿಗರಿ, ಅಂದರೆ ಜಿಂಕೆ, ಅಂತ ಹೆಸರಿಟ್ಟವರ ಮನೆಯಲ್ಲಿ ಸಣ್ಣ ಹುಡುಗರು ಇರಲಿಲ್ಲ ಅಂತ ಕಾಣುತ್ತದೆ. "ಸಂಜಿಗೆ ಚಿಗರಿಯಾಗ ಹೋಗೂಣು" ಅಂತ ಮುಂಜಾನೆಯಿಂದ ಆಸೆ ಹಚ್ಚಿದ್ದೆ. ಬಸ್ ಬಂತು, ಬಾಗಿಲು ತೆರೆಯಿತು. ಚಿನ್ನಿ ಒಳಗೆ ಕಾಲಿಡಲಿಲ್ಲ.

"ಚಿಗರಿ ಎಲ್ಲೈತಿ?"

"ಇದ ಚಿಗರಿ."

"ಮತ್ತ ಕೋಡು?"

ಹಿಂದೆ ನಿಂತವರು ಮುಂದೆ ತಳ್ಳಿದ್ದರಿಂದ ನಾವು ಬಸ್ಸಿನೊಳಗೆ ಬಿದ್ದೆವು. ಉಣಕಲ್ ಬರುವ ತನಕ ಅವಳು ಕೋಡು ಹುಡುಕುತ್ತಲೇ ಇದ್ದಳು.

ಕೆರೆಯ ಹತ್ತಿರ ಇಳಿದ ಕೂಡಲೇ ಗಾಡಿಯವನ ಹತ್ತಿರ ಒಂದು ಗಿರ್ಮಿಟ್ ತೆಗೆದುಕೊಂಡೆ. "ಲಗೂ ತಿನ್ರಿ ಅಕ್ಕಾರ, ಮೆತ್ತಗಾಗತೈತಿ" ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದ. ಬೆಂಚಿನ ಮೇಲೆ ಕುಳಿತೆ. ಕೆರೆಯ ನಡುವೆ ವಿವೇಕಾನಂದರು ನಿಂತಿದ್ದಾರೆ. ಸುತ್ತ ನೀರು, "ಅವ್ವಾ" ಅನ್ನುವವರು ಯಾರೂ ಇಲ್ಲ. ಅವರನ್ನು ನೋಡುತ್ತ ಮೊದಲ ತುತ್ತು ಬಾಯಿಯ ಹತ್ತಿರ ತಂದೆ.

"ಅವ್ವಾ, ತೂಗು."

ಜೋಕಾಲಿ ತೂಗಿದೆ. ಜೋರಾಯಿತಂತೆ. ಮೆಲ್ಲಗೆ ತೂಗಿದೆ. ಮೆಲ್ಲಗಾಯಿತಂತೆ. ನಡುವಿನ ವೇಗ ಹುಡುಕುವಷ್ಟರಲ್ಲಿ ಜಾರುಬಂಡಿ ನೆನಪಾಯಿತು. "ನಾನ ಹತ್ತತೀನಿ, ನೀ ಮುಟ್ಟಬ್ಯಾಡ" ಅಂತ ಮೆಟ್ಟಿಲು ಹತ್ತಿದವಳು ಮೇಲೆ ಹೋಗಿ ಕೆಳಗೆ ನೋಡಿದಳು. ಅಷ್ಟೇ. "ಅವ್ವಾ, ಇಳಸು!" ಅವಳ ಹಿಂದೆ ಆರು ಹುಡುಗರು ಸರದಿಯಲ್ಲಿ. ಕೆಳಗಿಳಿಯಲು ದಾರಿಯಿಲ್ಲ, ಜಾರಲು ಧೈರ್ಯವಿಲ್ಲ. ಕೊನೆಗೆ ಗುಂಡ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾನು ಹತ್ತಿದೆ. ಮೂವರೂ ಕೂಡಿ ಜಾರಿದೆವು. ಅರ್ಧಕ್ಕೆ ಸಿಕ್ಕಿಕೊಂಡೆವು. ಜಾರುಬಂಡಿಯ ಅಗಲ ನನ್ನ ಅಳತೆಗೆ ಮಾಡಿದ್ದಲ್ಲ. ದೂರದಿಂದ ಕಾವಲುಗಾರ ಸೀಟಿ ಊದಿದ. ಯಾರಿಗೆ ಊದಿದ ಅಂತ ನಾನು ತಿರುಗಿ ನೋಡಲಿಲ್ಲ.

ಗುಂಡ್ಯಾನದು ಬೇರೆ ವ್ಯವಹಾರ. ಅವನು ಆಡುವುದಿಲ್ಲ, ಸಾಮಾನು ಕೂಡಿಸುತ್ತಾನೆ. ಬಗ್ಗಿ ಒಂದು ಕಲ್ಲು ಎತ್ತುತ್ತಾನೆ, ನೋಡುತ್ತಾನೆ, ನನ್ನ ಅಂಗೈಯಲ್ಲಿ ಒತ್ತಿ "ಹಿಡಿ" ಅನ್ನುತ್ತಾನೆ. ಇನ್ನೊಂದು ಕಲ್ಲು. ಮತ್ತೆ "ಹಿಡಿ". ಹತ್ತು ನಿಮಿಷದಲ್ಲಿ ನನ್ನ ಹತ್ತಿರ ಒಂಬತ್ತು ಕಲ್ಲು, ಒಂದು ಸೋಡಾ ಬಾಟಲಿಯ ಮುಚ್ಚಳ, ಪಾರಿವಾಳದ ಪುಕ್ಕ ಮತ್ತು ಜೀವ ಇದ್ದ ಒಂದು ಇರುವೆ. ಒಂದು ಕಲ್ಲು ಜಾರಿ ಬಿತ್ತು. ಅಂಥದ್ದೇ ಇನ್ನೊಂದು ಎತ್ತಿ ಇಟ್ಟೆ. ಎರಡು ವರ್ಷದ ಹುಡುಗನಿಗೆ ಏನು ತಿಳಿಯುತ್ತದೆ, ಅಲ್ವಾ? ಅವನು ಹೊಸ ಕಲ್ಲನ್ನು ಎತ್ತಿ ಸಂಜೆಯ ಬಿಸಿಲಿಗೆ ಹಿಡಿದು ನೋಡಿದ. ಸರಾಫ ಬಜಾರದ ಅಕ್ಕಸಾಲಿಗನೂ ಬಂಗಾರವನ್ನು ಅಷ್ಟು ಸಂಶಯದಿಂದ ನೋಡುವುದಿಲ್ಲ. ಆಮೇಲೆ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಹುಬ್ಬಳ್ಳಿಯ ಧೂಳು, ಕಣ್ಣೀರು, ಸಿಂಬಳ ಮೂರೂ ಸೇರಿ ಮುಖಕ್ಕೆ ಗಿಲಾವು ಮಾಡಿದಂತಾಯಿತು.

ಅಷ್ಟರಲ್ಲಿ ಚಿನ್ನಿ ಮೊಣಕಾಲು ಕೂಡಿಸಿ ನಿಂತಳು. "ಅವ್ವಾ, ಏಕಿ."

ಮನೆಯಲ್ಲಿ ಕೇಳಿದ್ದೆ. ಬಸ್ ನಿಲ್ದಾಣದಲ್ಲಿ ಕೇಳಿದ್ದೆ. ತೋಟದ ಗೇಟಿನಲ್ಲೂ ಕೇಳಿದ್ದೆ. ಮೂರು ಸಲವೂ "ಇಲ್ಲ". ಶೌಚಾಲಯ ಸಹಜವಾಗಿಯೇ ತೋಟದ ಆ ತುದಿಗೆ. ಒಂದು ಕಂಕುಳಲ್ಲಿ ಒಬ್ಬ, ಇನ್ನೊಂದರಲ್ಲಿ ಒಬ್ಬಳು, ಮುಷ್ಟಿಯಲ್ಲಿ ಒಂಬತ್ತು ಕಲ್ಲು. ಓಡಿದೆ. ಮುಟ್ಟಿದೆ. ಕೂರಿಸಿದೆ. ಅವಳು ಗೋಡೆಯ ಮೇಲಿನ ಹಲ್ಲಿ ನೋಡುತ್ತ ಎರಡು ನಿಮಿಷ ಕುಳಿತಳು. "ಬರವಲ್ದು" ಅಂದಳು. ವಾಪಸ್ ಬಂದು ಜೋಕಾಲಿಯ ಮುಂದೆ ನಿಂತ ಮೇಲೆ ಬಂತು. ಹೇಳಿ ಬರಲಿಲ್ಲ.

ಚಡ್ಡಿ ಬದಲಿಸುತ್ತ ಗದಗಿನಲ್ಲಿರುವ ನಮ್ಮವ್ವನಿಗೆ ಫೋನ್ ಮಾಡಿದೆ. "ನಾ ಸಣ್ಣಾಕಿ ಇದ್ದಾಗ ನೀ ಹೆಂಗ ಆಡಸ್ತಿದ್ದಿ?"

"ನಾ ಯಾಕ ಆಡಸ್ಲಿ? ಊಟದ ಹೊತ್ತಿಗೆ ಹೊರಗ ಬಂದು ಕೂಗತಿದ್ದೆ. ಯಾರ ಮನ್ಯಾಗ ಇರತಿದ್ದಿ, ಅವರು ಕಳಸ್ತಿದ್ರು."

ಹೌದಲ್ಲ! ಬಿದ್ದರೆ ಎತ್ತುವವರು ಎದುರು ಮನೆಯ ಕಾಕೂ. ಏಕಿಗೆ ಕೂರಿಸುವವಳು ಯಾರದೋ ದೊಡ್ಡ ಮಗಳು. ತಪ್ಪು ಮಾಡಿದರೆ ಬೆನ್ನಿಗೊಂದು ಕೊಡುವ ಹಕ್ಕು ಇಡೀ ಓಣಿಗೆ ಇತ್ತು. ಒಂದು ಓಣಿ ಮಾಡುತ್ತಿದ್ದ ಕೆಲಸಕ್ಕೆ ಈಗ ನಾನೊಬ್ಬಳು, ಅದೂ ಭಾನುವಾರ. ಗಂಡ ಎಲ್ಲಿದ್ದ ಅಂತ ಕೇಳಬೇಡಿ. ಕ್ರಿಕೆಟ್ ಆಡಲು ಹೋಗಿದ್ದ. ಅವನೂ ಹೊರಗೆ ಆಡಬೇಕಲ್ಲ.

ಬೆಂಚಿಗೆ ವಾಪಸ್ ಬಂದಾಗ ಗುಂಡ್ಯಾ ನನಗಿಂತ ಮೊದಲು ಅಲ್ಲಿದ್ದ. ನಾನು ಚಡ್ಡಿ ಬದಲಿಸುವಾಗ ಕೆಳಗಿಟ್ಟಿದ್ದ ಒಂಬತ್ತೂ ಕಲ್ಲುಗಳನ್ನು ತಂದು ಗಿರ್ಮಿಟ್ ಮೇಲೆ ಸಾಲಾಗಿ ಜೋಡಿಸಿದ್ದ. ಪುಕ್ಕ ನಡುವೆ ಚುಚ್ಚಿದ್ದ. ನನ್ನನ್ನು ನೋಡಿ ನಕ್ಕು, "ಅವ್ವಾ, ಊಟ" ಅಂದ.

ಮತ್ತೆ ಗಾಡಿಗೆ ಹೋದೆ.

"ಮೊದಲಿಂದು ಹೆಂಗಿತ್ರಿ ಅಕ್ಕಾರ?"

"ಕಲ್ಲಿದ್ವು."

ಅವನ ಮುಖ ನೋಡಿ ಅಯ್ಯೋ ಅನ್ನಿಸಿ ಪೂರ್ತಿ ಕಥೆ ಹೇಳಬೇಕಾಯಿತು. ನಗುತ್ತಲೇ ಇನ್ನೊಂದು ಕಲಸಿ, ಮೇಲೆ ಎರಡು ಕರಿದ ಮೆಣಸಿನಕಾಯಿ ಇಟ್ಟು ಪೊಟ್ಟಣ ಕಟ್ಟಿ ಕೊಟ್ಟ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಒಂದು ತೊಡೆಯ ಮೇಲೆ ಚಿನ್ನಿ, ಇನ್ನೊಂದರ ಮೇಲೆ ಗುಂಡ್ಯಾ. ನವನಗರ ದಾಟುವುದರೊಳಗೆ ಇಬ್ಬರಿಗೂ ನಿದ್ದೆ. ನನ್ನ ಎರಡೂ ಕೈ ಅವರ ತಲೆಯ ಕೆಳಗೆ. ಪೊಟ್ಟಣ ಎಡಗೈಯ ಬೆರಳಿನಲ್ಲಿ ಜೋತಾಡುತ್ತಿತ್ತು, ಮೂಗಿನಿಂದ ಒಂದು ಗೇಣು ದೂರ. ಕೈ ಎತ್ತಿದರೆ ಗುಂಡ್ಯಾ ಏಳುತ್ತಾನೆ. ಬಗ್ಗಿದರೆ ಚಿನ್ನಿ ಏಳುತ್ತಾಳೆ.

ಪಕ್ಕದಲ್ಲಿ ಕುಳಿತಿದ್ದ ಇಳಕಲ್ ಸೀರೆಯ ಅಜ್ಜಿ ಸುತ್ತ ನೋಡಿ ಮೂಗು ಅರಳಿಸಿದರು. "ಎಲ್ಲೋ ಗಿರ್ಮಿಟ್ ವಾಸನಿ ಬರಾಕತ್ತೈತಿ ನೋಡವಾ."

ನಾನು ಬೆರಳು ಸಡಿಲಿಸಿದೆ. "ತಗೋರಿ ಆಯಿ, ನೀವರೆ ತಿನ್ರಿ. ಲಗೂನ ತಿನ್ರಿ, ಮೆತ್ತಗಾಗತೈತಿ."