ಅಡಿಕೆ ಚೀಲಗಳ ನಡುವಿನ ಆಫೀಸು

2020ರ ಏಪ್ರಿಲ್‌ನಿಂದ ಮೂರೂವರೆ ವರ್ಷ ಸಾಗರದ ಹತ್ತಿರದ ನಮ್ಮನೆಯಲ್ಲೇ ಕೂತು ಕೋಡ್ ಬರೆದೆ. ಅಡುಗೆಮನೆ ಪಕ್ಕದ ಕೋಣೆ, ಸುತ್ತ ಅಡಿಕೆ ಚೀಲ, ಮಧ್ಯೆ ಒಂದು ಮೇಜು. ಅಪ್ಪನಿಗೆ ಪಾರ್ಶ್ವವಾಯು ಬಡಿದ ಬೆಳಗ್ಗೆ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಬೆಂಗಳೂರಿನ ಪಿಜಿಯಲ್ಲಿದ್ದಿದ್ದರೆ ಸುದ್ದಿ ಫೋನಿನಲ್ಲಿ ಬರುತ್ತಿತ್ತು. ಹಾಗಾಗಿ ವರ್ಕ್ ಫ್ರಮ್ ಹೋಮ್ ಅಂದರೆ ಸೋಮಾರಿತನ ಎನ್ನುವವರ ಮಾತನ್ನು ನಾನು ಒಪ್ಪುವುದೇ ಇಲ್ಲ.

ಆದರೆ ಕಂಪನಿಗಳು ಇದನ್ನು ಅಪ್ಪಿಕೊಂಡಿದ್ದು ನಮ್ಮ ಅಪ್ಪ ಅಮ್ಮನ ಸಲುವಾಗಿ ಅಲ್ಲ. 2020ರ ಮೇ 12ರಂದು ಟ್ವಿಟರ್, ಬೇಕಾದವರು ಕಾಯಂ ಆಗಿ ಮನೆಯಿಂದಲೇ ಕೆಲಸ ಮಾಡಬಹುದು ಎಂದಿತು. ಒಂಬತ್ತು ದಿನಕ್ಕೆ ಫೇಸ್‌ಬುಕ್‌ನ ಜುಕರ್‌ಬರ್ಗ್ ಕೂಡ ಹೆಚ್ಚುಕಡಿಮೆ ಅದೇ ದಾರಿ ಹಿಡಿದರು. ಜೊತೆಗೇ ಇನ್ನೊಂದು ಮಾತು: ಖರ್ಚು ಕಡಿಮೆಯ ಊರಿಗೆ ಹೋದರೆ ಸಂಬಳವೂ ಆ ಊರಿನ ಲೆಕ್ಕಕ್ಕೆ ಇಳಿಯುತ್ತದೆ. ಬರೆಯುವ ಕೋಡ್ ಅದೇ, ಕೈ ಅದೇ, ಪಿನ್‌ಕೋಡ್ ಬದಲಾದರೆ ಬೆಲೆ ಬೇರೆ! ನಮ್ಮ ದೇಶದ ಐಟಿ ಕಂಪನಿ ಟಿಸಿಎಸ್, 2025ರ ಹೊತ್ತಿಗೆ ಶೇ. 25ರಷ್ಟು ಜನ ಮಾತ್ರ ಆಫೀಸಿನಲ್ಲಿದ್ದರೆ ಸಾಕು ಎಂದಿತ್ತು. 2020ರ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಇಂಥ ಕಂಪನಿಗಳಿಗಿದ್ದ ಓಎಸ್‌ಪಿ (ಇತರ ಸೇವಾ ಪೂರೈಕೆದಾರರ) ನಿಯಮ ಸಡಿಲಿಸಿ, ಐಟಿ-ಬಿಪಿಓದವರು ಎಲ್ಲಿಂದಲಾದರೂ ಕೆಲಸ ಮಾಡಲು ದಾರಿ ಸಲೀಸು ಮಾಡಿತು.

ಬಾಡಿಗೆ, ಕ್ಯಾಬು, ಕ್ಯಾಂಟೀನು, ಜನರೇಟರ್ ಡೀಸೆಲ್ ಎಲ್ಲ ಕಂಪನಿಗೆ ಉಳಿಯಿತಲ್ಲ, ಆ ಹೊರೆಯಲ್ಲಿ ಒಂದಷ್ಟು ನಮ್ಮ ಮನೆ ಖರ್ಚಿಗೆ ಬಂದು ಸೇರಿತು. ಮಳೆಗಾಲದಲ್ಲಿ ಕರೆಂಟು ಹೋದರೆ ನನ್ನದೇ ಯುಪಿಎಸ್, ನೆಟ್ ಹೋದರೆ ನನ್ನದೇ ಎರಡನೇ ಸಿಮ್. ಓಡಾಟದಲ್ಲಿ ಉಳಿದ ಎರಡು ಗಂಟೆಯೂ ಕೆಲಸಕ್ಕೇ ಹೋಯಿತು. ರಾತ್ರಿ ಹತ್ತಕ್ಕೆ 'ಎರಡೇ ನಿಮಿಷ, ಕ್ವಿಕ್ ಕಾಲ್' ಅಂದರೆ ಇಲ್ಲ ಅನ್ನುವ ಧೈರ್ಯ ಎಷ್ಟು ಜನಕ್ಕಿದೆ? ಹೊಸಬರದ್ದು ಇನ್ನೂ ಕಷ್ಟ. ನನಗೆ ಡೀಬಗ್ ಮಾಡಲು, ಅಂದರೆ ಕೋಡ್‌ನ ತಪ್ಪು ಹುಡುಕಿ ಸರಿಪಡಿಸಲು, ಕಲಿಸಿದ್ದು ಪಕ್ಕದ ಕುರ್ಚಿಯ ಸೀನಿಯರ್. ಮನೆಯಲ್ಲೇ ಕೆಲಸ ಶುರುಮಾಡಿದ ಹುಡುಗಿಯೊಬ್ಬಳು ಒಂದು ಸಣ್ಣ ಸಂದೇಹ ಕೇಳಲು ಅರ್ಧ ದಿನ ಹಿಂಜರಿದಿದ್ದನ್ನು ನೋಡಿದ್ದೇನೆ.

ಇಷ್ಟಾದರೂ ಆ 'ಕಾಯಂ' ಉಳಿಯಲಿಲ್ಲ. ಟ್ವಿಟರ್ ಕೊಂಡ ಇಲಾನ್ ಮಸ್ಕ್ 2022ರ ನವೆಂಬರ್‌ನಲ್ಲಿ ಅಲ್ಲಿ ಅದನ್ನು ಮುಗಿಸಿದರು. 2023ರಲ್ಲಿ ಟಿಸಿಎಸ್ ವಾರಕ್ಕೆ ಐದು ದಿನ ಆಫೀಸಿಗೆ ಬನ್ನಿ ಎಂದಿತು. ನನಗೂ ಮೇಲ್ ಬಂತು, ಎರಡು ವಾರದ ಗಡುವು. ಹಳೆಯ ಆಫರ್ ಲೆಟರ್ ತೆಗೆದು ನೋಡಿದರೆ 'ಕೆಲಸದ ಸ್ಥಳ: ಬೆಂಗಳೂರು' ಎಂದಷ್ಟೇ ಇತ್ತು. ಮಾತಿನಲ್ಲಿ ಕೊಟ್ಟಿದ್ದು ಕಾಗದದಲ್ಲಿ ಎಲ್ಲೂ ಇರಲಿಲ್ಲ. ರಾಜೀನಾಮೆ ಕೊಟ್ಟೆ.

ಈಗ ಇನ್ನೊಂದು ಕಡೆ ಆಫರ್ ಬಂದಿದೆ, ರಿಮೋಟ್ ಎಂದೇ ಹೇಳಿದ್ದಾರೆ. ಅದನ್ನು ಪತ್ರದಲ್ಲಿ ಒಂದು ಸಾಲು ಬರೆದುಕೊಡಿ ಎಂದೆ. 'ಪಾಲಿಸಿಯಲ್ಲೇ ಇದೆ, ಪತ್ರ ಯಾಕೆ?' ಎಂದರು ಎಚ್‌ಆರ್. ಆ ಸಾಲು ಬರುವ ತನಕ ನಾನು ಸಹಿ ಹಾಕುವುದಿಲ್ಲ.