ಕೂಲ್ ಡ್ರಿಂಕ್ಸ್ ಕುಡಿದರೆ ಮೂಳೆ ಸವೆಯುತ್ತಾ?

ಪರ: ಹೌದು, ಅದರಲ್ಲೂ ಕೋಲಾ

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಮುಗಿಯುವ ಹೊತ್ತಿಗೆ ಎಷ್ಟೋ ಜನರ ಕೈಯಲ್ಲಿ ಕೋಲಾ ಬಾಟಲಿ ಇರುತ್ತದೆ. ಬಿಸಿಲು, ದಣಿವು, ಬೇಡ ಅನ್ನುವುದು ಹೇಗೆ? ಆದರೆ ದಿನಾ ಕುಡಿದರೆ ಕಷ್ಟ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 2006ರಲ್ಲಿ ಹೇಳಿದ್ದು ಇದನ್ನೇ. ದಿನಾ ಕೋಲಾ ಕುಡಿಯುವ ಹೆಂಗಸರ ಸೊಂಟದ ಮೂಳೆಯ ಸಾಂದ್ರತೆ, ಅಪರೂಪಕ್ಕೆ ಕುಡಿಯುವವರಿಗಿಂತ ಕಡಿಮೆ ಇತ್ತು. ಬೇರೆ ಗ್ಯಾಸ್ ಪಾನೀಯಗಳಲ್ಲಿ ಹಾಗೆ ಕಾಣಲಿಲ್ಲ. ಹಾಗಾಗಿ ಅನುಮಾನ ಕೋಲಾದ ಫಾಸ್ಫಾರಿಕ್ ಆಮ್ಲ ಮತ್ತು ಕೆಫೀನ್ ಮೇಲೆ. ಕೆಫೀನ್ ಒಂದಿಷ್ಟು ಕ್ಯಾಲ್ಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ.

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಹೇಗೂ ಬೇಗ ಸವೆಯುತ್ತದೆ. ಅದರ ಜೊತೆ ಇದೂ ಯಾಕೆ? ಇನ್ನು, ಹೊಟ್ಟೆಗೆ ಕೋಲಾ ಬಿದ್ದರೆ ಆ ಹೊತ್ತಿನ ಮಜ್ಜಿಗೆ, ಅದರ ಕ್ಯಾಲ್ಸಿಯಂ ಎರಡೂ ತಪ್ಪಿತು ಅಂತಲೇ ಲೆಕ್ಕ.

ವಿರೋಧ: ಬಾಟಲಿಯನ್ನೇ ಯಾಕೆ ಬೈಯುತ್ತೀರಿ?

ಅದೇ ಅಧ್ಯಯನದಲ್ಲಿ ಗಂಡಸರ ಮೂಳೆಯಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಅದನ್ನು ಯಾರೂ ಹೇಳಲ್ಲ, ಅಲ್ವಾ? ಕುಡಿಯುವವರ ಮೂಳೆ ತೆಳುವಾಗಿತ್ತು ಅಂದ ಮಾತ್ರಕ್ಕೆ ಕುಡಿದಿದ್ದರಿಂದಲೇ ಹಾಗಾಯಿತು ಅನ್ನಲಾಗದು. ಫಾಸ್ಫಾರಿಕ್ ಆಮ್ಲದಲ್ಲಿರುವ ಫಾಸ್ಫರಸ್ಸೇ ತಪ್ಪಿತಸ್ಥ ಅಂದರೆ, ಅಷ್ಟೇ ಪ್ರಮಾಣದ ಹಾಲಿನಲ್ಲಿ ಅದು ಕೋಲಾಗಿಂತ ಎಷ್ಟೋ ಜಾಸ್ತಿ ಇದೆ.

ಮಜ್ಜಿಗೆ ಮಾತು ಒಪ್ಪುತ್ತೇನೆ. ಆದರೆ ಅದು ತಪ್ಪಿದ್ದು ಕೋಲಾದಿಂದಲೇನಾ? ಕರೆದ ಹಾಲೆಲ್ಲ ಡೈರಿಗೆ ಹಾಕಿ, ಕಾಫಿಗೆ ಸಾಕಾಗುವಷ್ಟು ಮಾತ್ರ ಉಳಿಸಿಕೊಳ್ಳುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮೂರು ಹೊತ್ತಿನ ಮುದ್ದೆ ಒಂದು ಹೊತ್ತಿಗೆ ಇಳಿದಿದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅನ್ನದಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ.

ನಮ್ಮ ಮೂಳೆಗೆ ದೊಡ್ಡ ಕಂಟಕ ಬೋರ್‌ವೆಲ್ ನೀರು. ಕೋಲಾರ, ಬಾಗೇಪಲ್ಲಿ, ಪಾವಗಡ ಎಲ್ಲೆಡೆ ಅದರಲ್ಲಿ ಕರಗಿರುವ ಫ್ಲೋರೈಡ್ ಅನ್ನುವ ಲವಣದ ಕಾಟ ಇದ್ದದ್ದೇ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯುವಂತಿಲ್ಲ. ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಕಾಟ ಇನ್ನೂ ಜಾಸ್ತಿ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತಂದು, ಸಾರಿಗೆ ಮಾತ್ರ ಅದೇ ಬೋರ್ ನೀರು ಹಾಕುವವರೂ ಇದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ.

ಸಕ್ಕರೆ, ಹಲ್ಲು, ತೂಕ ಅಂತ ಕೋಲಾ ಬಿಡಿ, ನನ್ನದೇನೂ ತಕರಾರಿಲ್ಲ. ಮೂಳೆಯ ಚಿಂತೆಯಾದರೆ ಮೊದಲು ನೀರನ್ನು ಪರೀಕ್ಷೆಗೆ ಕೊಡಿ. ಡೈರಿಗೆ ಹೊರಟ ಕ್ಯಾನಿನಿಂದ ಅರ್ಧ ಲೀಟರ್ ಹಾಲು ಮನೆಗೂ ಇಟ್ಟುಕೊಳ್ಳಿ. ಅದರಲ್ಲೇ 600 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ.