ಹೆವಿ ಲೈಸೆನ್ಸಿಗೆ ಏಜೆಂಟನ ಕೈಗೆ ರೊಕ್ಕ ಇಡುವ ಮೊದಲು

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಮುಧೋಳ, ಜಮಖಂಡಿ, ಗೋಕಾಕ ಕಡೆ "ಹೆವಿ ಇದ್ದವ್ರು ಯಾರರ ಇದ್ರ ಹೇಳ್ರಿ, ಗಾಡಿ ಖಾಲಿ ನಿಂತೈತಿ" ಅನ್ನುವ ಫೋನು ಶುರುವಾಗುತ್ತವೆ (ಹೆವಿ ಅಂದರೆ ಲಾರಿಯಂಥ ಭಾರಿ ಗಾಡಿ ಓಡಿಸುವ ಲೈಸೆನ್ಸ್). ಅದರ ಬೆನ್ನಿಗೇ ಏಜೆಂಟರು ಬರುತ್ತಾರೆ: "ಇಷ್ಟ್ ಕೊಡು ತಮ್ಮಾ, ಹದಿನೈದ ದಿನದಾಗ ಹೆವಿ ಮಾಡಿಸಿ ಕೊಡ್ತೀನಿ." ಹೊಸ ಹುಡುಗರು ಕೆಡುವುದು ಇಲ್ಲೇ. ಕಾರ್ಡ್ ಹೆಂಗಾದರೂ ಸಿಗುತ್ತದೆ, ಸ್ಟೇರಿಂಗ್ ಹಿಡಿದ ತಾಸು ಸಿಗುವುದಿಲ್ಲ. ಮಾಲೀಕರು ನೋಡುವುದು ಎರಡನೆಯದನ್ನೇ.

ಹದಿನೈದು ದಿನದ ಮಾತು ಕಾನೂನಿನ ಮುಂದೆ ನಿಲ್ಲುವುದೂ ಇಲ್ಲ. ಸರಕು ಗಾಡಿಗೆ 20 ವರ್ಷ ತುಂಬಿರಬೇಕು. ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ಗಾಡಿಯ ಲೈಸೆನ್ಸ್ ಬಂದು ಒಂದು ವರ್ಷ ಆಗದೆ ಹೆವಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೊಡುವುದಿಲ್ಲ. ಎಲ್‌ಎಲ್ ಆದ ಮೇಲೆ 30 ದಿನ ಕಾದು, 6 ತಿಂಗಳೊಳಗೆ ಟೆಸ್ಟ್ ಮುಗಿಸಬೇಕು. ಡಾಕ್ಟರ ಆರೋಗ್ಯ ಪ್ರಮಾಣಪತ್ರ (ಫಾರ್ಮ್ 1ಎ), ಡ್ರೈವಿಂಗ್ ಸ್ಕೂಲಿನ ತರಬೇತಿ ಪ್ರಮಾಣಪತ್ರ (ಫಾರ್ಮ್ 5) ಎರಡೂ ಬೇಕು. ಎಂಟನೇ ಇಯತ್ತೆ ಪಾಸಾಗಿರಬೇಕೆಂಬ ಕೇಂದ್ರದ ನಿಯಮ 2019ರಲ್ಲೇ ಹೋಗಿದೆ. ಇನ್ನೂ ಅದರ ಹೆಸರಲ್ಲಿ ರೊಕ್ಕ ಕೇಳುವವನಿದ್ದರೆ ಎದ್ದು ಬನ್ನಿ.

ಆ ಒಂದು ವರ್ಷ ಕಟ್ಟೆಯ ಮೇಲೆ ಕೂತು ಕಳೆಯಬೇಕಿಲ್ಲ. 20 ತುಂಬಿ ಎಲ್‌ಎಂವಿ ಇದ್ದವರು ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸಬಹುದು, ಲೈಸೆನ್ಸಿನ ಮೇಲೆ ಬೇರೆ ನಮೂದು (ಬ್ಯಾಡ್ಜ್) ಬೇಡ ಎಂದು ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ಹೇಳಿದೆ. ಟಾಟಾ ಏಸ್, ಬೊಲೆರೊ ಪಿಕಪ್, 407 ಇದರಲ್ಲಿ ಬರುತ್ತವೆ. ಆದರೆ ಗಾಡಿಯ ಗಾತ್ರ ನೋಡಿ ಹತ್ತಬೇಡಿ, ಆರ್‌ಸಿಯಲ್ಲಿನ ಒಟ್ಟು ತೂಕದ ಅಂಕಿ ನೋಡಿ. ಸಣ್ಣದಾಗಿ ಕಾಣುವ ಎಷ್ಟೋ ಗಾಡಿ ಆ ಗೆರೆ ದಾಟಿರುತ್ತವೆ. ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದು ಅದನ್ನೇ.

ಇನ್ನು ಉಚಿತ ತರಬೇತಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಜಿಲ್ಲಾ ಕಚೇರಿಗಳಲ್ಲಿ ಹೆವಿ ಚಾಲನಾ ತರಬೇತಿಗೆ ಅರ್ಜಿ ಕರೆದಿದ್ದಾರಾ ಎಂದು ಕೇಳಿ. ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯನ್ನೂ ವಿಚಾರಿಸಿ. ಸಾರಿಗೆ ಸಂಸ್ಥೆಯನ್ನು ಕೇಳುವುದಾದರೆ ಬೆಳಗಾವಿ, ಬಾಗಲಕೋಟೆ ವಾಯವ್ಯ ಸಾರಿಗೆಗೆ ಸೇರಿದರೆ ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರುತ್ತದೆ. ಇದು ಗೊತ್ತಿಲ್ಲದೆ ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿಯವರು ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಗೆ ಬಸ್ ಹತ್ತುತ್ತಾರೆ. ಅರ್ಜಿ ಬಿದ್ದುಹೋಗಲು ದೊಡ್ಡ ಕಾರಣವೇನೂ ಬೇಕಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಲೈಸೆನ್ಸಿನಲ್ಲಿ ಇನಿಷಿಯಲ್ ಬೇರೆ, ಜಾತಿ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಮತ್ತೊಂದು. ಕೊನೆಯ ದಿನಾಂಕ ಬಂದಾಗ ಇದನ್ನು ಸರಿ ಮಾಡಿಸಲಾಗುವುದಿಲ್ಲ, ಈಗಲೇ ಮಾಡಿಸಿಡಿ.

ಸೀಟು ಸಿಕ್ಕಿತೆಂದು ಕುಣಿಯುವ ಮೊದಲು ಒಂದು ಲೆಕ್ಕ ಹಾಕಿ. ಹೆವಿಗೆ ನಿಯಮದ ಪ್ರಕಾರ ಕನಿಷ್ಠ 30 ದಿನದ ತರಬೇತಿ, ಅದರಲ್ಲಿ 15 ತಾಸು ನೀವೇ ಓಡಿಸಿರಬೇಕು. ಮಾನ್ಯತೆ ಪಡೆದ ದೊಡ್ಡ ಕೇಂದ್ರಗಳಲ್ಲಿ ಪಾಠವೂ ಸೇರಿ 6 ವಾರಕ್ಕೆ 38 ತಾಸು. ಒಂದೇ ಲಾರಿಗೆ 20 ಹುಡುಗರಿದ್ದು ದಿನಕ್ಕೆ 6 ತಾಸು ಗಾಡಿ ಓಡಿದರೆ ಒಬ್ಬೊಬ್ಬರಿಗೆ 18 ನಿಮಿಷ. ರವಿವಾರ ಹಿಡಿದರೂ 30 ದಿನಕ್ಕೆ 9 ತಾಸು! ಆದ್ದರಿಂದ ಗಾಡಿ ಎಷ್ಟು, ಹುಡುಗರು ಎಷ್ಟು, ಊಟ-ವಸತಿ ಯಾರದು ಎಂದು ಮೊದಲೇ ಕೇಳಿ. ಯಾರು ಎಷ್ಟು ತಾಸು ಓಡಿಸಿದರು ಎಂದು ಬರೆದಿಡಲು ಸ್ಕೂಲಿನಲ್ಲಿ ಫಾರ್ಮ್ 15 ರಜಿಸ್ಟರ್ ಇರುತ್ತದೆ. ಅದನ್ನು ತೋರಿಸಲು ಸಿಡಿಮಿಡಿ ಮಾಡುವ ಕಡೆ ಕಲಿಯುವುದೂ ಅಷ್ಟರಲ್ಲೇ ಇರುತ್ತದೆ.

ಮಾಲೀಕರು ಟ್ರಯಲ್ ನೋಡುವಾಗ ಹೈವೇ ಮೇಲೆ ಓಡಿಸಿ ತೋರಿಸು ಅನ್ನುವುದಿಲ್ಲ, ರಿವರ್ಸ್ ಹಾಕಿಸುತ್ತಾರೆ. ಮುಂಜಾನೆ ಸ್ಟಾರ್ಟ್ ಮಾಡಿದ ಕೂಡಲೇ ಗೇರ್ ಹಾಕಿದಿರೋ, ಅಲ್ಲಿಗೆ ಮುಗಿಯಿತು. ಹೆವಿ ಗಾಡಿಯ ಬ್ರೇಕ್ ನಡೆಯುವುದು ಗಾಳಿಯ ಒತ್ತಡದಿಂದ, ಹಾಗಾಗಿ ಏರ್ ಮೀಟರಿನ ಮುಳ್ಳು ಏರಿ ಬಜರ್ ನಿಲ್ಲುವ ತನಕ ಗಾಡಿ ಕದಲಿಸಬಾರದು. ಏರ್ ಟ್ಯಾಂಕಿನ ನೀರು ದಿನಾ ಬಿಡಬೇಕು, ಇಲ್ಲದಿದ್ದರೆ ಅದು ವಾಲ್ವ್‌ಗಳಿಗೆ ಹೋಗಿ ಬ್ರೇಕ್ ಕೈಕೊಡುತ್ತದೆ. ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟ ಹಳಬರಿಂದಲೇ ಅಂಟುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಹಿಡಿತ ಇರದು, ಎಲ್ಲ ಭಾರ ಬ್ರೇಕ್ ಮೇಲೆ ಬಿದ್ದು ಲೈನರ್ ಕಾಯ್ದು, ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ತೂಕ ನೋಡಿ ಸಣ್ಣ ಗೇರಿನಲ್ಲೇ ಇಳಿಸಿ, ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ.

ಕೆಲಸದ ವಿಷಯಕ್ಕೆ ಬಂದರೆ, ಕಬ್ಬು ನಾಲ್ಕೈದು ತಿಂಗಳ ಮಾತು. ವರ್ಷಪೂರ್ತಿ ಬೇಕೆಂದರೆ ಮುದ್ದಾಪುರದ ಸಿಮೆಂಟ್, ಕೂಡಗಿ ವಿದ್ಯುತ್ ಸ್ಥಾವರದ ಬೂದಿ ಸಾಗಿಸುವ ಬಲ್ಕರ್, ಇಳಕಲ್ಲಿನ ಗ್ರಾನೈಟ್ ಕಡೆ ಕೇಳಿ. ಮೊದಲ ಕೆಲವು ತಿಂಗಳು ಸೆಕೆಂಡ್ ಡ್ರೈವರ್ ಆಗಿ ಹೋಗುವುದೇ ಒಳ್ಳೆಯದು, ಪಗಾರ ಕಡಿಮೆಯಾದರೂ. ಪೆಟ್ರೋಲ್, ಗ್ಯಾಸ್ ಟ್ಯಾಂಕರಿಗೆ ಮೂರು ದಿನದ ಬೇರೆ ತರಬೇತಿ, ಲೈಸೆನ್ಸಿನ ಮೇಲೆ ಬೇರೆ ನಮೂದು ಬೇಕು.

ಪಗಾರ, ಭತ್ತೆ ಮಾತಾಡುವಾಗಲೇ ಓವರ್‌ಲೋಡಿನ ದಂಡ ಯಾರದೆಂದೂ ಮಾತಾಡಿ. ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಕಾನೂನು ಓಡಿಸಿದವನನ್ನೂ ಹಿಡಿಯುತ್ತದೆ. ಹೊರಡುವ ಮೊದಲು ತೂಕದ ಕಾಟಾ ಚೀಟಿ ಕೈಯಲ್ಲಿರಲಿ, ಸರಕಿನ ಜಿಎಸ್‌ಟಿ ಚೀಟಿಯಾದ ಇ-ವೇ ಬಿಲ್ಲಿನ ಅವಧಿಯನ್ನೂ ನೋಡಿಕೊಳ್ಳಿ. 200 ಕಿ.ಮೀ.ಗೆ ಒಂದು ದಿನ ಲೆಕ್ಕ.

ದೊಡ್ಡ ಮುಂಗಡ ಕೊಟ್ಟು ಮೂಲ ಲೈಸೆನ್ಸ್ ಇಟ್ಟುಕೊಳ್ಳುತ್ತೇನೆ ಅನ್ನುವ ಮಾಲೀಕರ ಹತ್ತಿರ ಹೋಗಲೇಬೇಡಿ. ಅವರಿಗೆ ಜೆರಾಕ್ಸ್ ಸಾಕು, ಕಾರ್ಡ್ ನಿಮ್ಮ ಜೇಬಿನಲ್ಲೇ ಇರಲಿ.